ಇಪ್ಪತ್ತೆಂಟರ ಗೆರೆ

ಡೈರಿಯ ಪ್ರಯೋಗಾಲಯದಲ್ಲಿ ಒಂದು ಹಳೆಯ ಲ್ಯಾಕ್ಟೋಮೀಟರ್ ಇತ್ತು. ನೀರು ಬೆರೆತ ಹಾಲಿನಲ್ಲಿ ಬಿಟ್ಟರೆ ಅದು ಆಳಕ್ಕೆ ಮುಳುಗುತ್ತಿತ್ತು. ಒಳ್ಳೆಯ ಹಾಲಾದರೆ ಇಪ್ಪತ್ತೆಂಟರ ಗೆರೆಗೆ ನೆಟ್ಟಗೆ ನಿಲ್ಲುತ್ತಿತ್ತು. ಅದರ ಮಾತಿಗೆ ಅಲ್ಲಿ ಎದುರಾಡುವವರೇ ಇರಲಿಲ್ಲ.

ಒಂದು ಬೆಳಿಗ್ಗೆ ಅದು ಹೊಸದಾಗಿ ಬಂದ ಹಾಲಿನಲ್ಲಿ ಗೆರೆಗೆ ಸರಿಯಾಗಿ ನಿಂತು, "ಅಪ್ಪಟ ಹಾಲು! ಶಾಲೆಯ ಮಕ್ಕಳಿಗೆ ಕಳಿಸಿ" ಎಂದು ಸಾರಿತು.

ಪಕ್ಕದ ಹೊಸ ಯಂತ್ರ ಅದೇ ಹಾಲನ್ನು ಒಂದಿಷ್ಟು ಹೀರಿ, "ತಡೆಯಿರಿ ಹಿರಿಯರೇ. ಇದರಲ್ಲಿ ನೀರಿದೆ, ಹೊಲಕ್ಕೆ ಹಾಕುವ ಯೂರಿಯಾವೂ ಇದೆ" ಎಂದಿತು.

"ಬಾಯಿಗೆ ಬಂದಂತೆ ಮಾತಾಡಬೇಡ! ನೀರಿದ್ದರೆ ನಾನು ಮುಳುಗುತ್ತಿರಲಿಲ್ಲವೇ? ಹಾಲೇ, ನೀನೇ ಹೇಳು."

ಹಾಲು ಅಳುಕುತ್ತಾ ಹೇಳಿತು: "ಯಂತ್ರ ಹೇಳಿದ್ದು ನಿಜ, ಸ್ವಾಮಿ. ನನಗೆ ನೀರು ಸುರಿದಾಗ ಕಲಬೆರಕೆಯವರ ಮನೆಯಲ್ಲೂ ಒಬ್ಬರು ಲ್ಯಾಕ್ಟೋಮೀಟರ್ ಮುಳುಗಿದರು. ಅವರು ಮೇಲೆದ್ದು ಇಪ್ಪತ್ತೆಂಟಕ್ಕೆ ನಿಲ್ಲುವವರೆಗೂ ಆ ಜನ ಯೂರಿಯಾ ಕದಡುತ್ತಲೇ ಇದ್ದರು."

ಲ್ಯಾಕ್ಟೋಮೀಟರ್ ಕೇಳಿತು: "ನಮ್ಮವನೇ? ಅಂಥ ಸುಳ್ಳುಗಾರ ನಮ್ಮಲ್ಲಿದ್ದಾನೆಯೇ?"

"ಸುಳ್ಳುಗಾರರಲ್ಲ, ಸ್ವಾಮಿ. ನಿಮ್ಮಷ್ಟೇ ಪ್ರಾಮಾಣಿಕರು. ಅದಕ್ಕೇ ಅವರನ್ನು ಇಟ್ಟುಕೊಂಡಿದ್ದಾರೆ."

ಲ್ಯಾಕ್ಟೋಮೀಟರ್ ನಾಚಿಕೆಯಿಂದ ಮುಳುಗಿಹೋಗೋಣವೆಂದರೆ, ಆ ಹಾಲು ಅದನ್ನು ಮುಳುಗಲೂ ಬಿಡಲಿಲ್ಲ.