ನಲ್ಲಿ ಉಳಿಸಿಕೊಂಡ ಒಂದು ಗುಟುಕು

ಹಿಮ ಬೀಳುವ ಊರೊಂದರಲ್ಲಿ, ಬೇಸಿಗೆಯೆಲ್ಲ ಹುಲ್ಲುಹಾಸಿಗೆ ನೀರುಣಿಸಿದ ಕೊಳವೆಗಳನ್ನು ಚಳಿಗಾಲಕ್ಕೆ ಮೊದಲೇ ಬರಿದು ಮಾಡುವ ದಿನ ಬಂತು. ತೋಟಗಾರ ಯಂತ್ರದಿಂದ ಅವುಗಳೊಳಗೆ ಗಾಳಿ ಊದಿದ. ಕೊಳವೆಗಳು ಒಳಗಿದ್ದ ನೀರನ್ನೆಲ್ಲ ಉಗುಳಿ ಹಗುರಾದವು. ಮೂಲೆಯ ಹಿತ್ತಾಳೆ ನಲ್ಲಿ ಮಾತ್ರ ಬಾಯಿ ಬಿಗಿಹಿಡಿದು ಒಂದು ಗುಟುಕು ಉಳಿಸಿಕೊಂಡಿತು.

"ನನ್ನನ್ನೂ ಬಿಟ್ಟುಬಿಡಣ್ಣ," ಎಂದಿತು ಆ ನೀರು.

"ಚೆಲ್ಲಿ ಹಾಳುಮಾಡಲು ನಾನೇನು ದಡ್ಡನೇ? ಚಳಿ ಕಳೆದು ಹುಲ್ಲು ಬಾಯಾರಿದಾಗ ಕೊಡಲು ಯಾರಾದರೂ ಇಟ್ಟುಕೊಂಡಿರಬೇಕು."

"ಚಳಿಯಲ್ಲಿ ನಾನು ಹೆಪ್ಪುಗಟ್ಟಿ ಉಬ್ಬುತ್ತೇನೆ. ಆಮೇಲೆ ನನ್ನನ್ನು ತಡೆಯಲು ನನ್ನಿಂದಲೂ ಆಗದು. ನಿನ್ನ ಮೈ ಒಡೆದೀತು."

ನಲ್ಲಿ ನಕ್ಕಿತು. "ನಾನು ಕುಲುಮೆಯಲ್ಲಿ ಬೆಂದು ಬಂದವನು. ನೀನು ತರಗೆಲೆ ಅಡ್ಡ ಬಂದರೂ ಸುತ್ತಿಕೊಂಡು ಹೋಗುವವಳು. ಸುಮ್ಮನೆ ಮಲಗು, ತಂಗಿ."

ಮೊದಲ ಹಿಮ ಬಿದ್ದ ಬೆಳಗ್ಗೆ ನಲ್ಲಿಯ ಒಳಗೆ ಏನೋ ಬೆಳೆಯತೊಡಗಿತು. ಅದಕ್ಕೆ ಸದ್ದೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹೆದರಿದ ನಲ್ಲಿ ಬಾಯಿ ತೆರೆಯಲು ನೋಡಿತು; ತಿರುಪು ಕದಲಲಿಲ್ಲ. ಟಣ್ ಎಂದು ಹಿತ್ತಾಳೆ ಉದ್ದಕ್ಕೆ ಸೀಳಿತು. ಆ ಸೀಳಿನಲ್ಲಿ ಒಂದು ಗುಟುಕು ನೀರು ಬೆಳ್ಳಗೆ, ಕಲ್ಲಿನಂತೆ ಎದ್ದು ನಿಂತಿತ್ತು. ಎಳೆಬಿಸಿಲು ಅದರೊಳಗೆ ಹಾದುಹೋಗುತ್ತಿತ್ತು.

ನೋವು ಮರೆತು ನಲ್ಲಿ ಅದನ್ನೇ ನೋಡಿತು. "ತಾಯಿ, ಇಷ್ಟು ಬಲವಿದ್ದೂ ಬೇಸಿಗೆಯೆಲ್ಲ ನನ್ನೊಳಗೆ ಎಷ್ಟು ಮೆತ್ತಗೆ ಓಡಾಡಿದೆಯಲ್ಲ!"

"ಆಗ ನೀನು ನನಗೆ ದಾರಿ ಬಿಡುತ್ತಿದ್ದೆ," ಎಂದಿತು ನೀರು.