ಕೂಗಳತೆಯ ಗಡಿಕಲ್ಲು

ನೆಲ ಅಳೆಯುವುದಕ್ಕೆ ಜನರಿಗೆ ಬಾಯೊಂದೇ ಇದ್ದ ಕಾಲದಲ್ಲಿ ಕಲ್ಲಹಟ್ಟಿ ಅಂತ ಒಂದು ಊರಿತ್ತಂತೆ. ಅದರ ಎದುರಿಗೆ ಮುಳ್ಳಹಟ್ಟಿ. ನಡುವೆ ಬಯಲು, ಬಯಲಲ್ಲೊಂದು ಗಡಿಕಲ್ಲು. ಕಲ್ಲಿನ ಈಚೆ ಬೆಳೆದದ್ದು ಇವರಿಗೆ, ಆಚೆ ಬೆಳೆದದ್ದು ಅವರಿಗೆ.

ಕಲ್ಲಹಟ್ಟಿಯಲ್ಲಿ ಗಾದ್ರಮ್ಮ ಅನ್ನುವವಳಿದ್ದಳು. ಬಯಲಲ್ಲಿ ಯಾರಿಗೂ ಬೇಡವಾದ ಕಲ್ಲುನೆಲವನ್ನು ಒಬ್ಬಳೇ ಆಯ್ದು, ಒಬ್ಬಳೇ ಅಗೆದು, ಕರಬೂಜದ ಬಳ್ಳಿ ಹಬ್ಬಿಸಿದ್ದಳು. ಅವಳ ಗಂಟಲೂ ಅಂಥದ್ದೇ. ಅವಳು ತನ್ನ ಎಮ್ಮೆಯನ್ನು ಕರೆದರೆ ಮುಳ್ಳಹಟ್ಟಿಯ ಎಮ್ಮೆಗಳೂ ಮೇವು ಬಿಟ್ಟು ಹೊರಟುಬಿಡುತ್ತಿದ್ದವಂತೆ.

ಒಂದು ವರ್ಷ ಕರಬೂಜ ಇನ್ನೇನು ಹಣ್ಣಾಗಬೇಕು, ಅಷ್ಟರಲ್ಲಿ ಅಡ್ಡಮಳೆ ಬಂದು ಗಡಿಕಲ್ಲು ಉರುಳಿಹೋಯಿತು. ತೋಟ ಯಾವೂರಿಗೆ ಸೇರಿದ್ದು ಅಂತ ಜಗಳ ಹತ್ತಿತು.

ಅದಕ್ಕೊಂದು ಪದ್ಧತಿ ಇತ್ತು. ಕಲ್ಲಹಟ್ಟಿಯ ಊರಬಾಗಿಲಲ್ಲಿ ನಿಂತು ಒಬ್ಬರು ಕೂಗುತ್ತಲೇ ಇರಬೇಕು. ಮುಳ್ಳಹಟ್ಟಿಯವನೊಬ್ಬ ಗಡಿಕಲ್ಲು ತಲೆಯ ಮೇಲೆ ಹೊತ್ತು ನಡೆಯಬೇಕು. ಕೂಗು ಎಲ್ಲಿ ಕಿವಿಗೆ ಬೀಳದೆ ಹೋಗುತ್ತದೋ ಅಲ್ಲಿ ಕಲ್ಲು ಇಳಿಸಬೇಕು. ಅದೇ ಕೂಗಳತೆ, ಅದೇ ಗಡಿ. ಕಲ್ಲು ಹೊತ್ತವನು ಸುಳ್ಳು ಹೇಳದ ಹಾಗೆ ಕಲ್ಲಹಟ್ಟಿಯವರಿಬ್ಬರು ಪಕ್ಕದಲ್ಲೇ ನಡೆಯುವರು.

ಕಲ್ಲು ಹೊರಲು ಮುಳ್ಳಹಟ್ಟಿಯ ಯಜಮಾನ ಕಾಟಯ್ಯನೇ ಬಂದ. ಕೂಗಲು ಗಾದ್ರಮ್ಮ ಸೆರಗು ಬಿಗಿದು ನಿಂತಳು.

"ಕಾಟಣ್ಣಾ, ಕಲ್ಲು ಭಾರ ಆಯ್ತಾ?"

"ನೀನು ಕೂಗು ತಾಯಿ, ನನ್ನ ಕತ್ತು ನನಗಿರಲಿ" ಅಂದ ಅವನು.

ಅವಳು ಕೂಗಿದಳು. ಕಾಟಯ್ಯ ನಡೆದ. ತೋಟ ದಾಟಿದ, ಕೂಗು ಕೇಳುತ್ತಿತ್ತು. ಬಯಲು ದಾಟಿದ, ಕೇಳುತ್ತಲೇ ಇತ್ತು. ತನ್ನೂರಿನ ಬಾಗಿಲು ದಾಟಿ, ತನ್ನ ಹಟ್ಟಿ ದಾಟಿ, ಕೊನೆಗೆ ಅಡುಗೆಮನೆಗೇ ಹೋದ. ಅಲ್ಲಿ ಗೋಡೆಗಳ ನಡುವೆ ಕೂಗು ಅಡಗಿತು. ಒಲೆಯ ಪಕ್ಕ ಕಲ್ಲು ಇಳಿಸಿ ಕತ್ತು ನೀವಿಕೊಂಡ.

"ಇದೇನು, ಕಲ್ಲನ್ನ ಒಳಕ್ಕೇ ತಂದಿದೀರಿ?" ಅಂದಳು ಹೆಂಡತಿ.

"ಇವತ್ತಿನಿಂದ ಇದು ಗಡಿ ಕಣೆ."

"ಹಂಗಾದ್ರೆ ಒಲೆ ಯಾವೂರದು, ಮಡಕೆ ಯಾವೂರದು? ನಾನು ಯಾವೂರಲ್ಲಿ ನಿಂತು ಮುದ್ದೆ ತೊಳಸಲಿ?"

ಕಲ್ಲಹಟ್ಟಿಯವರು ಕುಣಿದರು. ಗಾದ್ರಮ್ಮ ತೋಟಕ್ಕೆ ಹೋಗಿ ಒಂದೊಂದು ಕಾಯಿಯನ್ನೂ ತಟ್ಟಿ ಮಾತಾಡಿಸಿ ಬಂದಳು.

ಆದರೆ ಕಾಟಯ್ಯ ಬಿಡುವವನಲ್ಲ. "ಇದು ಗಂಟಲಿನ ಅಳತೆಯಲ್ಲ, ಗಾಳಿಯ ಅಳತೆ. ಗಾಳಿ ನಮ್ಮೂರ ಕಡೆ ಬೀಸುತ್ತಿತ್ತು. ಸಂಜೆ ಇನ್ನೊಂದು ಸಲ ಕೂಗಲಿ" ಅಂದ.

"ಸಂಜೆಗೆ ನನ್ನ ಗಂಟಲೇನು ಸವೆದುಹೋಗುತ್ತಾ?" ಅಂತ ಗಾದ್ರಮ್ಮ ಒಪ್ಪಿಕೊಂಡಳು.

ಸಂಜೆ ಗಾಳಿ ತಿರುಗಿತ್ತು. ಅವಳು ಕತ್ತಿನ ನರ ಉಬ್ಬುವ ಹಾಗೆ ಕೂಗಿದರೂ ಕೂಗು ಅವಳ ಮುಖಕ್ಕೇ ಬಂದು ಬಡಿಯಿತು. ಕಲ್ಲಹಟ್ಟಿಯ ಮುಂದಿನ ತಿಪ್ಪೆಯ ಹತ್ತಿರವೇ ಕಾಟಯ್ಯ ಕಲ್ಲು ಇಳಿಸಿದ. ಜೊತೆಗಿದ್ದವರೂ ತಲೆ ತಗ್ಗಿಸಿದರು. ಅವರಿಗೂ ಕೇಳಿರಲಿಲ್ಲ. ತೋಟವಷ್ಟೂ ಮುಳ್ಳಹಟ್ಟಿಗೆ ಹೋಯಿತು.

"ಮಧ್ಯಾಹ್ನ ಅಷ್ಟೊಂದು ಉಂಡರೆ ಕೂಗು ಎಲ್ಲಿಂದ ಬರುತ್ತೆ?" ಅಂತ ಅವಳ ಊರಿನವರೇ ಗೊಣಗಿದರು.

ಗಾದ್ರಮ್ಮ ಹೋಗಿ ಕಲ್ಲಿನ ಮೇಲೆ ಕೂತುಬಿಟ್ಟಳು. "ಕಾಟಣ್ಣ, ಬೆಳಗ್ಗೆ ನಿನ್ನ ಒಲೆ ನಮ್ಮದಾಗಿತ್ತು. ಈಗ ನಮ್ಮ ತಿಪ್ಪೆ ನಿನ್ನದಾಗಿದೆ. ನಾಳೆ ಗಾಳಿ ಏನನ್ನುತ್ತೋ. ಹೊತ್ತಿಗೊಂದು ಊರಾದರೆ ನನ್ನ ಬಳ್ಳಿ ಯಾವೂರಲ್ಲಿ ಬೇರು ಬಿಡಬೇಕು?"

ಕಾಟಯ್ಯನಿಗೆ ಒಲೆಯ ನೆನಪಾಯಿತು. "ಹಂಗಾದ್ರೆ ಹೆಜ್ಜೆ ಹಾಕಿ ಅಳೆಯೋಣ" ಅಂದ.

"ಯಾರ ಹೆಜ್ಜೆ? ನಿನ್ನವು ಒಂಟೆ ಕಾಲು, ನನ್ನವು ಬಾತುಕೋಳಿ ಕಾಲು. ಗಾಳಿಗೆ ಹಿಗ್ಗಬಾರದು, ಊಟಕ್ಕೆ ಕುಗ್ಗಬಾರದು, ಅಂಥದ್ದು ಬೇಕು" ಅಂದವಳೇ ಮನೆಗೆ ಹೋಗಿ ಒನಕೆ ತಂದಳು.

"ಅದು ನಿನ್ನ ಒನಕೆ. ನನಗೆ ಗೊತ್ತಿಲ್ಲದೆ ತುದಿ ಕೆತ್ತಿಬಿಟ್ಟರೆ?"

"ಇದಕ್ಕೆ ಸರಿಸಮ ಇನ್ನೊಂದು ಮಾಡಿಸು. ನನ್ನದು ನಿನ್ನ ಮನೆಯಲ್ಲಿರಲಿ, ನಿನ್ನದು ನನ್ನ ಮನೆಯಲ್ಲಿರಲಿ. ಯುಗಾದಿಗೆ ಯುಗಾದಿಗೆ ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ. ಯಾವುದು ಗಿಡ್ಡವಾಗಿದೆಯೋ ಅದು ಇದ್ದ ಮನೆಯವರು ಕಳ್ಳರು."

ಹಾಗೇ ಮಾಡಿದರು. ಎರಡೂ ಊರಬಾಗಿಲಿಂದ ಒಂದೊಂದು ಒನಕೆ ಹೊರಟಿತು. ಗಾದ್ರಮ್ಮ ತೋಟದಲ್ಲಿ ನಿಂತು ಒಂದು ಕೂಗು ಹಾಕಿದರೆ ಎರಡೂ ಕಡೆ ಒಂದೊಂದು ಒನಕೆಯುದ್ದ ಮುಂದಕ್ಕೆ. ಗಾಳಿಯಿಲ್ಲದ ಹೊತ್ತು, ಕೂಗು ಎರಡೂ ಕಡೆಗೂ ಮುಟ್ಟಿತು. ಒನಕೆಗಳು ಮೂತಿಗೆ ಮೂತಿ ತಾಗಿದ ಕಡೆ ಕಲ್ಲು ನೆಟ್ಟರು. ತೋಟ ಕಲ್ಲಹಟ್ಟಿಯಲ್ಲೇ ಉಳಿಯಿತು. ಕೊನೆಯ ಒಂದು ಸಾಲು ಮಾತ್ರ ಆಚೆ ಹೋಯಿತು.

ಗಾದ್ರಮ್ಮನ ಮುಖ ಸಣ್ಣಗಾಯಿತು. ಆ ಸಾಲೇ ಎಲ್ಲಕ್ಕಿಂತ ಸಿಹಿ. ಕಾಟಯ್ಯನಿಗೂ ಅಯ್ಯೋ ಅನ್ನಿಸಿತು. "ಒಂದು ಸಾಲು ತಾನೆ ಅಕ್ಕ, ಕಲ್ಲನ್ನ ಒಂಚೂರು ನಮ್ಮ ಕಡೆ ಸರಿಸಿಬಿಡೋಣ."

"ಸರಿಸೋದಾದರೆ ಒನಕೆ ಯಾಕೆ ಬೇಕಿತ್ತು, ನನ್ನ ಬಾಯೇ ಸಾಕಿತ್ತು. ಮುಟ್ಟಬೇಡ ಕಲ್ಲನ್ನ" ಅಂದಳಂತೆ.

ಮಾರನೆಯ ದಿನ ಕಾಟಯ್ಯ ಆ ಸಾಲಿಗೆ ಬಂದು, ಒಂದು ದಪ್ಪ ಕರಬೂಜಕ್ಕೆ ಕೈ ಹಾಕಿದ. ಕಲ್ಲಹಟ್ಟಿಯ ಕಡೆಯಿಂದ ಗುಡುಗು ಬಂತು. "ಕಾಟಣ್ಣಾ, ಅದಿನ್ನೂ ಕಾಯಿ. ನಾನು ಹೇಳೋವರೆಗೂ ಕೀಳಬೇಡ."

ಕಾಟಯ್ಯ ಕೈ ಹಿಂದಕ್ಕೆ ತಗೊಂಡ. ಈ ಸಲ ಗೋಡೆಗಳೂ ಆ ಕೂಗನ್ನು ತಡೆಯಲಿಲ್ಲ, ಅವನ ಅಡುಗೆಮನೆಯಲ್ಲಿ ಹೆಂಡತಿಯೂ ಎತ್ತಿದ ಸೌಟು ಕೆಳಗಿಟ್ಟಳಂತೆ.

ಆ ಹಣ್ಣು ಅವರ ಬಾಯಿಗೆ, ಈ ಕಥೆ ನಿಮ್ಮ ಕಿವಿಗೆ. ನನ್ನ ಪಾಲಿಗೆ ಉಳಿದದ್ದು ಬೀಜ, ಇನ್ನೊಂದು ಕಡೆ ಬಿತ್ತುತ್ತೇನೆ.