ಕಿವಿಯೊಳಗಿನ ಬೀಗರು

ಮಗ್ಗದ ಗದ್ದಲಕ್ಕೆ ನೇಕಾರ ಚೌಡಪ್ಪನ ಕಿವಿಯೊಳಗೆ ಸದ್ದು ಹಿಡಿಯುವ ರೋಮಕೋಶ ರೋಮಮ್ಮನಿಗೂ ಅದನ್ನು ಮಿದುಳಿಗೆ ಒಯ್ಯುವ ನರ ನರಪ್ಪನಿಗೂ ಸಂಬಂಧ ಕಡಿದಿತ್ತು. ಹೊಸ ಔಷಧಿ ಬಿದ್ದ ಮೇಲೆ ನರಪ್ಪ ಮತ್ತೆ ಚಿಗುರಿ, ಅವಳ ಹೊಸ್ತಿಲವರೆಗೆ ಬಂದು ನಿಂತ.

“ಕರೆಯದೆ ಒಳಗೆ ಬರುವುದಿಲ್ಲ, ಬೀಗಿತಿ. ನಾನು ಗಂಡಿನ ಕಡೆಯವನು.”

“ಬಿಟ್ಟು ಹೋದವರನ್ನು ಕರೆಯುವ ವಾಡಿಕೆ ನಮ್ಮ ಮನೆಯಲ್ಲಿಲ್ಲ, ಬೀಗರೇ.”

ಅಷ್ಟರಲ್ಲಿ ರಸ್ತೆ ದಾಟುತ್ತಿದ್ದ ಚೌಡಪ್ಪನ ಬೆನ್ನ ಹಿಂದೆ ಲಾರಿಯೊಂದು ಹಾರನ್ ಹೊಡೆಯಿತು. ಅದು ಮುಟ್ಟಿದ್ದು ರೋಮಮ್ಮನೊಬ್ಬಳಿಗೇ. ಚೌಡಪ್ಪ ಹೋದರೆ ಕಿವಿಯೂ ಇಲ್ಲ, ತಾನೂ ಇಲ್ಲ.

“ಅಯ್ಯೋ, ಬನ್ನಿ ಒಳಗೆ!” ಎಂದು ಅವಳು ನರಪ್ಪನ ಕೈ ಹಿಡಿದು ಎಳೆದಳು. ಹಾರನ್ ಕೇಳಿಸಿದ್ದೇ ಚೌಡಪ್ಪ ಪಕ್ಕದ ಚರಂಡಿಗೆ ಹಾರಿ ಬದುಕಿದ.

ನರಪ್ಪ ಮೀಸೆ ತಿರುವಿದ. “ಕೊನೆಗೂ ಕರೆದಿರಲ್ಲ?”

“ಕರೆದದ್ದು ನಾನಲ್ಲ,” ಎಂದಳು ರೋಮಮ್ಮ, “ಲಾರಿ.”